ಯಜಮಾನರ ನಡಿಗೆ

ಎರಡನೇ ಸಲವೂ ಅಳತೆ ತಾಳೆಯಾಗಲಿಲ್ಲ. ಆಸ್ಪತ್ರೆಯ ನಡಿಗೆ ಅಳೆಯುವ ಕೋಣೆಯಲ್ಲಿ ಹೆಡ್ ಮೇಡಂ ಅಳೆದಾಗ, ಕಾಲಿನ ಆಪರೇಷನ್ ಆಗಿದ್ದ ಯಜಮಾನರ ಎರಡೂ ಕಾಲಿನ ನಡೆ ಸರಿಸಮ. ಹೊಸ ಫಿಸಿಯೋ ಹುಡುಗಿ ಅಳೆದಾಗ ಮಾತ್ರ ಎಡಗಾಲು ಕುಂಟು! ನಡೆದ ಮನುಷ್ಯ ಒಬ್ಬನೇ, ಗೋಡೆಯ ಕ್ಯಾಮೆರಾಗಳು ಅವೇ, ಕ್ಯಾಮೆರಾಗೆ ಕಾಣಲೆಂದು ಕೀಲುಕೀಲಿಗೆ ಅಂಟಿಸುವ ಹೊಳೆಯುವ ಗುಂಡುಗಳೂ ಅವೇ. ಅಂದಮೇಲೆ ತಪ್ಪು ಅಂಟಿಸಿದ ಕೈಯದ್ದೇ ತಾನೆ?

"ಮೂಳೆ ಹುಡುಕಿ ಅಂಟಿಸಮ್ಮಾ, ಅಂದಾಜಿನ ಮೇಲಲ್ಲ. ಇದೇ ಕೊನೇ ಸಲ," ಎಂದು ಮೇಡಂ ಆಚೆ ಹೋದರು. ಒಬ್ಬರು ಅಳೆಯುವಾಗ ಇನ್ನೊಬ್ಬರು ಒಳಗಿರಬಾರದು, ಆದರೂ ಇಬ್ಬರಿಗೂ ಒಂದೇ ಉತ್ತರ ಬರಬೇಕು. ಆ ನಡಿಗೆ ಕೋಣೆಯ ಪರೀಕ್ಷೆ ಅದು. ಪಾಸಾದರೆ ಹುಡುಗಿ ಇವತ್ತಿನಿಂದ ತಾನೇ ರೋಗಿಗಳನ್ನು ಅಳೆಯಬಹುದು. ಇಲ್ಲವಾದರೆ ಇನ್ನೊಂದು ವರ್ಷ ರೋಗಿಗಳ ಕಾಲಿನಿಂದ ಗುಂಡು ಕೀಳುವುದು, ಕೂದಲು ಕಿತ್ತುಬಂದು ಅವರು ಅಯ್ಯಯ್ಯೋ ಎಂದಾಗಲೆಲ್ಲ ಸಾರಿ ಕೇಳುವುದು.

ಬೇರೆಯವರಾಗಿದ್ದರೆ ಅಳುತ್ತಿದ್ದರು. ಇವಳಿಗೋ, ಎದೆ ಢವಢವ ಎಂದಷ್ಟೂ ನಗು ಉಕ್ಕುತ್ತಿತ್ತು. ಆಸ್ಪತ್ರೆಯಲ್ಲಿ ಅವಳಿಗೆ ನಗೆಮಲ್ಲಿ ಎಂದು ಹೆಸರು ಬಿದ್ದಿದ್ದೇ ಅದಕ್ಕೆ. ಯಜಮಾನರೂ ಅವಳಿಗೆ ಸರಿಯಾದ ಜೋಡಿ. ಸೊಂಟದ ಮೂಳೆ ಹುಡುಕಲು ಬೆರಳಿಟ್ಟಳೋ ಇಲ್ಲವೋ, "ಅಯ್ಯೋ ಬಿಡಮ್ಮಾ, ಕಚಗುಳಿ!" ಎಂದು ಕುಣಿದರು.

"ನೆಟ್ಟಗೆ ನಿಂತ್ಕೊಳ್ರೀ, ಚಿಕ್ಕ ಮಗು ಥರ ಆಡ್ತೀರಲ್ಲ!" ಮೂಲೆಯ ಕುರ್ಚಿಯಲ್ಲಿದ್ದ ಅವರ ಹೆಂಡತಿ ಗದರಿದರು. ಅಷ್ಟರಲ್ಲಿ ಮಗಳ ಫೋನ್ ಬಂತು, ಮಾತಾಡುತ್ತಾ ಹೊರಗೆ ಹೋದರು.

ಯಜಮಾನರು ನಡೆದರು. ಪರದೆಯ ಮೇಲೆ ಚುಕ್ಕಿಗಳು ತೇಲಿದಂತೆ ಸಾಗಿದವು. ಕುಂಟೇ ಇಲ್ಲ! ನಗೆಮಲ್ಲಿ ಕುರ್ಚಿಯಿಂದ ಜಿಗಿಯುವುದೊಂದೇ ಬಾಕಿ. ಆಗ ಬಾಗಿಲು ತೆರೆಯಿತು. ಹೆಂಡತಿ ಫೋನ್ ಕಿವಿಗಿಟ್ಟುಕೊಂಡೇ ಕನ್ನಡಕ ತೆಗೆದುಕೊಳ್ಳಲು ಒಳಗೆ ಬಂದರು. ಎಡಗಾಲು ಥಟ್ಟನೆ ಕುಂಟತೊಡಗಿತು. ಅವರು ಆಚೆ ಹೋದರು, ಕಾಲು ನೆಟ್ಟಗಾಯಿತು. ನಗೆಮಲ್ಲಿ ಬಾಗಿಲು ನೋಡಿದಳು, ಪರದೆ ನೋಡಿದಳು. ಮೇಡಂ ಅಳೆದ ಎರಡು ಸಲವೂ ಈಯಮ್ಮ ಆಚೆ ಫೋನಿನಲ್ಲಿದ್ದದ್ದು ನೆನಪಾಯಿತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು.

"ಏನ್ ಯಜಮಾನ್ರೇ ಇದು ನಾಟಕ?"

"ಶ್! ಮೆಲ್ಲಗೆ!" ಯಜಮಾನರ ಕಿವಿಯೆಲ್ಲ ಕೆಂಪಾಯಿತು. "ಮದುವೆಯಾಗಿ ಇಷ್ಟು ವರ್ಷಕ್ಕೆ, ಈ ಆಪರೇಷನ್ ಆದ್ಮೇಲೇ ಕಣಮ್ಮಾ ಅವಳು ನನ್ನ ಕೈ ಹಿಡ್ಕೊಂಡು ಬೀದೀಲಿ ನಡೆದಿದ್ದು. ಕಾಲು ಸರಿಹೋಗಿದೆ ಅಂತ ಗೊತ್ತಾದ್ರೆ ಬಿಟ್ಬಿಡ್ತಾಳೆ. ದಮ್ಮಯ್ಯ, ಹೇಳ್ಬೇಡ!"

ನಗೆಮಲ್ಲಿ ನೆಲದಿಂದ ಎದ್ದಳು. ಹೇಳಿದರೆ ಪಾಸು. ಹೇಳದಿದ್ದರೆ ಮತ್ತೊಂದು ವರ್ಷ ಗುಂಡು ಕೀಳುವ ಕೆಲಸ. ಮೇಡಂ ಒಳಗೆ ಬಂದರು, ಹಿಂದೆಯೇ ಯಜಮಾನರ ಹೆಂಡತಿ.

"ಏನಾಯ್ತಮ್ಮಾ?"

ಯಜಮಾನರು ಕೈಮುಗಿದು ನಿಂತಿದ್ದರು. ಹಾಳು ಮುದುಕ, ಎಷ್ಟು ಮುದ್ದಾಗಿ ನಿಂತಿದ್ದಾನೆ ನೋಡು ಎಂದುಕೊಂಡಳು ನಗೆಮಲ್ಲಿ.

"ನನ್ನ ಕೈದೇ ತಪ್ಪು ಮೇಡಂ," ಎಂದುಬಿಟ್ಟಳು.

"ನಿಂದ್ಯಾಕಮ್ಮಾ ತಪ್ಪು?" ಹೆಂಡತಿ ಬ್ಯಾಗನ್ನು ದಪ್ಪನೆ ಕುರ್ಚಿಯ ಮೇಲಿಟ್ಟರು. "ಇವರ ಕಾಲು ಎಂದೋ ಸರಿಹೋಗಿದೆ. ಮನೇಲಿ ಬೆಳಿಗ್ಗೆ ಎಡಗಾಲು ಕುಂಟುತ್ತೆ, ಸಂಜೆ ಮರೆತು ಬಲಗಾಲು ಕುಂಟ್ತಾರೆ. ನಂಗೇನು ಕಣ್ಣಿಲ್ವಾ?"

ಯಜಮಾನರು ಮುಗಿದ ಕೈ ಇಳಿಸಿದರು. "ಗೊತ್ತಿತ್ತಾ? ಮತ್ತೆ ಯಾಕೆ ಕೈ ಹಿಡೀತಿದ್ದೆ?"

"ನಂಗೂ ಒಂದು ನೆಪ ಬೇಕಲ್ರೀ," ಎಂದು ಆಕೆ ಸೆರಗಿನಿಂದ ಸುಮ್ಮಸುಮ್ಮನೆ ಕನ್ನಡಕ ಒರೆಸತೊಡಗಿದರು.

ಮೇಡಂ ನಕ್ಕಿದ್ದನ್ನು ಆ ಆಸ್ಪತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಅವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಯಜಮಾನರ ಹೆಂಡತಿಯನ್ನು ಆಚೆ ಕೂರಿಸಿ, ತಾವೂ ಹೊರಗೆ ಹೋಗಿ, ಇನ್ನೊಂದು ಸಲ ಅಳೆಸಿದರು. ಪರದೆಯ ಮೇಲೆ ಇಬ್ಬರ ಅಳತೆಯ ಗೆರೆಗಳೂ ಒಂದರ ಮೇಲೊಂದು ಕೂತವು. ಮೇಡಂ ಸಹಿ ಹಾಕಿದರು. ನಗೆಮಲ್ಲಿ ಕುಣಿದಳು, ಮೇಡಂ ಅನ್ನು ಅಪ್ಪಿಕೊಂಡಳು, ಆಮೇಲೆ ಗಾಬರಿಯಾಗಿ ಬಿಟ್ಟಳು. ಯಜಮಾನರ ಕಾಲಿನ ಗುಂಡುಗಳನ್ನು ಹಾಡು ಗುನುಗುತ್ತಾ ತಾನೇ ಕಿತ್ತಳು.

ದಂಪತಿಯನ್ನು ಬೀಳ್ಕೊಡಲು ಅವಳು ಗೇಟಿನವರೆಗೂ ಹೋದಳು. ಯಜಮಾನರು ಹುಡುಗನಂತೆ ಎದೆ ಸೆಟೆಸಿ ನಡೆಯುತ್ತಿದ್ದರು, ತೋಳಿನಲ್ಲಿ ಹೆಂಡತಿಯ ಕೈ. ಗೇಟಿನಾಚೆ ಬೀದಿ ತುಂಬಾ ಜನ. ಹೆಂಡತಿ ಒಂದು ಕ್ಷಣ ನಿಂತರು, ಅತ್ತಿತ್ತ ನೋಡಿದರು, ಗಂಡನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದರು:

"ರೀ, ಜನ ನೋಡ್ತಾರೆ. ಸ್ವಲ್ಪ ಕುಂಟಿ."