ಕಲ್ಲು ತೊಳೆದದ್ದು

ರಾಜ್ಯಗಳ ಏಳುಬೀಳುಗಳನ್ನು ಬರೆದಿಡಲು ಜನರಿದ್ದಾರೆ. ಒಂದು ಮನೆಯ ಹಿತ್ತಲಿನ ನಲ್ಲಿಯ ಕೆಳಗೆ ಕಲ್ಲೊಂದು ಬಿಳಿಯಾದ ಸಂಗತಿಯನ್ನು ಬರೆದಿಡಲು ಯಾರೂ ಇಲ್ಲ. ಆ ಭಾರ ಇಲ್ಲಿ ಹೊರಬೇಕಾಗಿದೆ. ತೊಳೆದವಳು ಲಾಂಡ್ರಿ ನಡೆಸುವವಳು. ಕಲ್ಲು ಅವಳ ಗಂಡನದು.

ಗಂಡ ಬಸ್ಸು ಓಡಿಸುತ್ತಿದ್ದ. ಅಪಘಾತದಲ್ಲಿ ಮುರಿದ ಕಾಲು ಕೂಡಿಕೊಂಡಿತು, ಧಾರಾಳವಾಗಿ ನಡೆಯಬಹುದು ಎಂದು ಡಾಕ್ಟರೂ ಹೇಳಿದರು. ಅವನು ಮಾತ್ರ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಹೊಸ್ತಿಲು ದಾಟಲಿಲ್ಲ. ಸುತ್ತಾಡಿ ಬರೋಣವೆಂದರೆ ‘ಬಿಡು’, ಕ್ಷೌರಕ್ಕಾದರೂ ಹೋಗಿ ಎಂದರೆ ‘ಬಿಡು’. ವರ್ಷವಿಡೀ ಆ ಒಂದೇ ಪದದಲ್ಲಿ ಸಂಸಾರ ನಡೆಸಿದ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ, ಮನೆಯಲ್ಲಿ ಮೀನು ಸಾಕಬೇಕು ಎಂದ. ಅದೂ ಸಮುದ್ರದ ಮೀನು. ಉಪ್ಪುನೀರಿನ ತೊಟ್ಟಿ ದುಡ್ಡಿದ್ದವರ ಖಯಾಲಿ ಎಂದು ಗೊತ್ತಿದ್ದೂ ಅವಳು ಹೂಂ ಎಂದಳು. ಅವನು ಏನನ್ನೋ ‘ಬೇಕು’ ಎಂದದ್ದೇ ಹೆಚ್ಚಾಗಿತ್ತು.

ಹೀಗೆ ಯಾರೋ ಬೇಡವೆಂದು ಹೊರಗಿಟ್ಟ, ಮೂಲೆ ಸೋರುವ ಗಾಜಿನ ತೊಟ್ಟಿ ಬಂತು; ಅವನೇ ಅಂಟು ಹಾಕಿ ಸೋರಿಕೆ ನಿಲ್ಲಿಸಿದ. ಇನ್ಯಾರದೋ ಹಳೆಯ ಪಂಪು ಬಂತು. ನಲ್ಲಿ ನೀರನ್ನು ಸಮುದ್ರ ಮಾಡುವ ಉಪ್ಪಿನ ಪೊಟ್ಟಣ ಬಂತು. ಎಲ್ಲವೂ ಬಂದದ್ದು ಅವಳ ಹೆಗಲ ಮೇಲೆ. ಕೊನೆಗೆ ಸಾಕುಮೀನಿನಂಗಡಿಯವನು ತೊಟ್ಟಿಯೊಳಗಿಡುವ ಸಮುದ್ರದ ಬಂಡೆಯಿಂದ ಮುರಿದು ಬಿದ್ದ ತುಂಡೊಂದನ್ನು ಅಗ್ಗಕ್ಕೆ ಕೊಟ್ಟು, ಒಣಗಲು ಬಿಡಬೇಡಿ ಎಂದ. ಕಂದು ಲೋಳೆ ಮೆತ್ತಿಕೊಂಡ, ಹಳೆಯ ಸಾಕ್ಸಿನ ವಾಸನೆಯ ಕಲ್ಲು. ಗಂಡ ಮಲಗಿದ್ದ. ಬೀದಿಯವರ ಕಾಲರುಗಳನ್ನೆಲ್ಲ ಬಿಳಿ ಮಾಡುವವಳು ತನ್ನ ಮನೆಯೊಳಗೆ ಇಂಥದ್ದನ್ನು ಹಾಗೇ ಬಿಟ್ಟುಕೊಂಡಾಳೆಯೇ? ಬಿಸಿನೀರು, ಬ್ಲೀಚಿಂಗ್ ಪುಡಿ, ಗಟ್ಟಿ ಬ್ರಷ್ಷು. ಅವನು ಏಳುವ ಹೊತ್ತಿಗೆ ಕಲ್ಲು ಇಸ್ತ್ರಿ ಮಾಡಿದ ಟವೆಲಿನ ಮೇಲೆ ಕೂತಿತ್ತು.

“ಹೇಗಿದೆ ನೋಡಿ, ಹಾಲಿನ ಹಾಗೆ,” ಎಂದಳು.

ಅವನು ಕಲ್ಲನ್ನು ಎತ್ತಿ ಮೂಸಿದ. “ಇದರಲ್ಲಿ ಜೀವ ಇತ್ತು ಕಣೇ.”

“ಕಲ್ಲಲ್ಲಿ ಜೀವಾನಾ?”

“ಮೇಲಿದ್ದ ಲೋಳೇಲಿ. ಮೀನಿನ ಹೊಲಸನ್ನ ತಿಂದು ನೀರು ಕಾಯೋದೇ ಅದು. ಅದಿಲ್ದೆ ಮೀನು ಬದುಕಲ್ಲ.”

“ಒಣಗಿಸಬೇಡಿ ಅಂದಿದ್ರು. ನಾನೇನು ಒಣಗಿಸ್ಲಿಲ್ಲವಲ್ಲ, ತೊಳೆದೆ.”

ಅವನು ರೇಗಲಿಲ್ಲ. ರೇಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. “ಬಿಡು,” ಎಂದು ಹೇಳಿ, ಹೋಗಿ ಕಿಟಕಿಯ ಪಕ್ಕ ಕೂತ.

ಮೀನಿನಂಗಡಿಯವನು ಅವಳ ಕಥೆ ಕೇಳಿ ನಗಲಿಲ್ಲ. ನಗು ಇಳಿಯುವವರೆಗೂ ಗಲ್ಲಾಪೆಟ್ಟಿಗೆಯ ಕೆಳಗೆ ಏನನ್ನೋ ಹುಡುಕಿದ. ಇನ್ನೊಂದು ಕಲ್ಲು ಕೊಳ್ಳುವ ಚೈತನ್ಯ ಅವಳಿಗಿರಲಿಲ್ಲ. ಕೊಳ್ಳಬೇಕಾಗಿಲ್ಲ ಎಂದು ಅವನೇ ಹೇಳಿದ. ಬ್ಲೀಚಿಂಗಿನ ವಾಸನೆ ಪೂರಾ ಹೋಗಿಸಿದರೆ ಅದೇ ಕಲ್ಲು ಸಾಕು, ಆಮೇಲೆ ಬೇಕಾದದ್ದು ಜೀವ ಇರುವ ಕೊಳೆ, ಡಬ್ಬಿ ತೆಗೆದುಕೊಂಡು ಬನ್ನಿ. ವಾಸನೆ ಹೋಗಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಾರವಿಡೀ ನೀರು ಬದಲಿಸಿ ನೆನೆಸಿ, ಬಿಸಿಲಿಗಿಟ್ಟು, ಮೂಸಿ, ಮತ್ತೆ ನೆನೆಸಿದಳು. ಗಂಡ ಒಮ್ಮೆಯೂ ಅತ್ತ ತಿರುಗಲಿಲ್ಲ. ಆಮೇಲೆ ಡಬ್ಬಿ ಹಿಡಿದು ಹೋದಳು. ಅಂಗಡಿಯವನು ತನ್ನ ತೊಟ್ಟಿಗಳ ನೀರು ಸೋಸುವ ಸ್ಪಂಜುಗಳನ್ನು ಅದರೊಳಕ್ಕೆ ಹಿಂಡಿದ. ಕಂದು ರಾಡಿ ತುಂಬಿತು. ಅವಳು ಪರ್ಸು ತೆಗೆದಳು.

“ಕೊಳೆಗೆ ಯಾರಾದ್ರೂ ದುಡ್ಡು ತಗೋತಾರಾ ಅಕ್ಕಾ?”

“ನಾವು ತಗೋತೀವಪ್ಪಾ.”

ಬಸ್ಸಿಗೆ ಬ್ರೇಕು ಬಿದ್ದಾಗಲೆಲ್ಲ ಎರಡೂ ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದಳು. ಪಕ್ಕದ ಸೀಟಿನವರು ಎದ್ದುಹೋಗಿ ನಿಂತುಕೊಂಡೇ ಪ್ರಯಾಣ ಮಾಡಿದರು. ಮನೆಗೆ ಬಂದವಳೇ ಬಿಳಿ ಕಲ್ಲನ್ನು ತೊಟ್ಟಿಯೊಳಗಿಟ್ಟು, ಕನ್ನಡಿಯಂಥ ನೀರಿಗೆ ಆ ರಾಡಿಯನ್ನು ಸುರಿದಳು. ಕ್ಷಣದಲ್ಲಿ ನೀರು ಟೀ ಗಷ್ಟಿನ ಬಣ್ಣಕ್ಕೆ ತಿರುಗಿತು.

ಗಂಡ ಎದ್ದು ಬಂದ. “ನೀನೇ ಸುರಿದ್ಯಾ?”

“ಹೂಂ. ನೋಡಕ್ಕಾಗ್ತಿಲ್ಲ, ಲೈಟ್ ಆರಿಸಿ.”

ಅವನು ಆರಿಸಲಿಲ್ಲ. ಕುರ್ಚಿಯನ್ನು ಕಿಟಕಿಯಿಂದ ತೊಟ್ಟಿಯ ಮುಂದಕ್ಕೆ ಎಳೆದುಕೊಂಡ.

ಅಂದಿನಿಂದ ಇಲ್ಲದ ಮೀನಿಗೆ ದಿನವೂ ಊಟ ಬಡಿಸುವುದು ಶುರುವಾಯಿತು. ಕೊಳೆಯೂ ಹೊಟ್ಟೆಗೆ ತಿನ್ನಬೇಕಲ್ಲ, ಅದಕ್ಕೊಂದು ಚಿಟಿಕೆ ಮೀನಿನ ಆಹಾರ. ಲಾಂಡ್ರಿಯಿಂದ ಬಂದವಳು ಚಪ್ಪಲಿ ಬಿಡುತ್ತ ಕೊಳೆಯ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅವನು ವಿವರವಾಗಿ ವರದಿ ಒಪ್ಪಿಸುತ್ತಿದ್ದ. ನೀರು ತಿಳಿಯಾಗುತ್ತ ಬಂತು. ಒಂದು ಮಧ್ಯಾಹ್ನ ಅವನೇ ಲಾಂಡ್ರಿಗೆ ಫೋನ್ ಮಾಡಿ, ಕಲ್ಲಿನ ಎಡಗಡೆ ಕಂದು ಬಂದಿದೆ ಎಂದು ಪಿಸುಗುಟ್ಟಿದ. ಯಾರದೋ ಅಂಗಿಯನ್ನು ಅರ್ಧ ಇಸ್ತ್ರಿಗೇ ಬಿಟ್ಟು ಅವಳು ಓಡಿ ಬಂದಳು. ಬಂದಿತ್ತು.

“ಇನ್ನು ಮೀನು ತಂದುಬಿಡು,” ಎಂದ.

“ಕೊಳೆ ನಾನು ತಂದಾಯ್ತು. ಮೀನು ನೀವು ತನ್ನಿ.”

ಅವನು ಕುರ್ಚಿಯನ್ನು ತೊಟ್ಟಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. “ಬೀದೀಲಿ ಸಿಕ್ಕಿದವರೆಲ್ಲ ಕಾಲು ಹೇಗಿದೆ ಅಂತ ಕೇಳ್ತಾರೆ ಕಣೇ.”

“ಮೀನು ತರೋಕೆ ಹೊರಟಿದೀನಿ ಅನ್ನಿ. ಕಾಲಿನ ಸುದ್ದಿ ಅಲ್ಲಿಗೇ ಬಿಡ್ತಾರೆ.”

ಅವನ ಚಪ್ಪಲಿ ಮಂಚದ ಕೆಳಗೆ ಧೂಳು ಮುಚ್ಚಿ ಬಿದ್ದಿತ್ತು. ಒರೆಸಿಕೊಡಲೆಂದು ಬಾಗಿದವಳು ಕೈ ಹಿಂದಕ್ಕೆಳೆದುಕೊಂಡಳು. ಅವನು ಹಾಗೇ ಮೆಟ್ಟಿಕೊಂಡು ಹೋದ. ಅಂಗಡಿಯಲ್ಲಿದ್ದ ಮೀನುಗಳಲ್ಲೆಲ್ಲ ಅಗ್ಗದ್ದನ್ನು, ಬೆರಳುದ್ದದ ಒಂದು ನೀಲಿ ಮೀನನ್ನು ತಂದ. ಅದು ಬದುಕಿದೆ.