ಹಸಿರು ಮುಚ್ಚಳದ ಬಾಟಲಿ

ಮತ್ತೆರಡು ಬಾಟಲಿ ಕಾಣೆಯಾಗಿದ್ದವು. ಈ ಸಲವೂ ಹಸಿರು ಮುಚ್ಚಳದವೇ.

ಸಂಶೋಧಕಿ ಫ್ರಿಜ್ಜಿನ ಬಾಗಿಲನ್ನು ದಡಾರನೆ ಮುಚ್ಚಿದಳು. ಕಣ್ಣು ಒಣಗುವ ರೋಗಕ್ಕೆ ಅವಳು ಕಂಡುಹಿಡಿದ ಹನಿಮದ್ದಿನ ಪರೀಕ್ಷೆ ಆ ಕಣ್ಣಾಸ್ಪತ್ರೆಯಲ್ಲಿ ನಡೆಯುತ್ತಿತ್ತು. ಇಂಥ ಕಣ್ಣಿನೊಳಗೆ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ, ಅದನ್ನು ಆರಿಸದೆ ಬರೀ ತೇವ ಮಾಡಿದರೆ ಸಾಲದು ಎಂಬುದು ಅವಳ ವಾದ. ಅರ್ಧ ರೋಗಿಗಳಿಗೆ ಹಸಿರು ಮುಚ್ಚಳದ ಬಾಟಲಿ, ಉಳಿದವರಿಗೆ ಹಳದಿಯದು. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಏನಿದೆ ಎಂಬುದು ಬಾಟಲಿ ತುಂಬಿಸಿ ಕಳಿಸುವ ಹೊರಗಿನ ಔಷಧಿ ಸಂಸ್ಥೆಯವರಿಗೆ ಮಾತ್ರ ಗೊತ್ತು. ಪರೀಕ್ಷೆ ಮುಗಿಯುವವರೆಗೆ ಅವಳಿಗೂ ಗೊತ್ತಾಗುವಂತಿಲ್ಲ.

ಫ್ರಿಜ್ಜಿನ ಕೀಲಿ ಅವಳ ಕೈಚೀಲದಲ್ಲಿರುತ್ತಿತ್ತು. ಆ ಚೀಲಕ್ಕೆ ಕೈಹಾಕುವ ಸಲಿಗೆ ಇದ್ದದ್ದು ಒಬ್ಬಳಿಗೇ.

ತಂಗಿ ಅದೇ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ಇಬ್ಬರದೂ ಒಂದೇ ಮನೆ. ಕಣ್ಣಿಗೆ ಮರಳು ಸುರಿದ ಹಾಗಿದೆ ಎಂದು ಒದ್ದಾಡುತ್ತ, ನನ್ನನ್ನೂ ಪರೀಕ್ಷೆಗೆ ಸೇರಿಸಿಕೋ ಎಂದು ಗೋಗರೆದಿದ್ದಳು. ಸಂಬಂಧಿಕರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಈಚೆಗೆ ಆ ಗೋಳು ನಿಂತಿತ್ತು. ಕೆಂಡದಂತಿದ್ದ ಕಣ್ಣು ತಿಳಿಯಾಗಿತ್ತು.

ಮನೆಗೆ ಬಂದ ಅಕ್ಕ ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಕಣ್ಣು ಹೇಗೆ ಸರಿಹೋಯ್ತೇ ನಿಂಗೆ?"

"ಬಿಸಿನೀರಲ್ಲಿ ಬಟ್ಟೆ ಅದ್ದಿ ದಿನಾ ಇಟ್ಕೋತಿದೀನಲ್ಲ ಅಕ್ಕ. ನೀನೇ ಹೇಳಿದ್ದಲ್ವಾ?"

"ಬಾಟಲಿ ಎಲ್ಲಿಟ್ಟಿದೀಯ ಹೇಳು."

"ಯಾವ ಬಾಟಲಿ?" ಅರ್ಥವಾದಾಗ ತಂಗಿಯ ಮುಖವೂ ಬಿಗಿಯಾಯಿತು. "ನಿನ್ನ ಔಷಧಿ ಇಲ್ದೆ ಸರಿಹೋಗಿದ್ದೇ ನನ್ನ ತಪ್ಪಾ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮರುದಿನ ಬೆಳಿಗ್ಗೆಯೇ ಅಕ್ಕ ದೊಡ್ಡ ಡಾಕ್ಟರ ಕೋಣೆಗೆ ಹೋದಳು.

ದೊಡ್ಡ ಡಾಕ್ಟರು ಆಸ್ಪತ್ರೆಯ ಮುಖ್ಯಸ್ಥರು. ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈ. ಅವಳ ಕೆಲಸವನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. "ಕಣ್ಣುರಿಗೆ ಇಷ್ಟೊಂದು ರಾದ್ಧಾಂತ ಬೇಕಾ?" ಎಂದು ತುಂಬಿದ ಸಭೆಯಲ್ಲಿ ನಗಾಡಿದ್ದರು. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸುವ ಮಾತನ್ನೂ ಆಡಿದ್ದರು. ಇವತ್ತು ನಗಲಿಲ್ಲ. ಬಾಟಲಿ ಕಳುವಾಗಿದೆ, ತಂಗಿಯ ಮೇಲೆ ಅನುಮಾನ ಎಂದಷ್ಟೇ ಅವಳು ಹೇಳಿದ್ದಕ್ಕೆ ತಂಪುಕನ್ನಡಕ ತೆಗೆಯದೆ ತಲೆದೂಗಿದರು.

"ಮನೆಯವರು ಅಂತ ಬಿಡೋಕಾಗಲ್ಲ. ಹಸಿರು ಮುಚ್ಚಳದ್ದನ್ನೇ ಆರಿಸಿ ಎತ್ತಿದಾಳೆ ಅಂದ್ರೆ ಬೇಕಂತಲೇ ಮಾಡಿರೋದು."

ಸಂಜೆಯೊಳಗೆ ತಂಗಿಯ ಕೆಲಸ ಹೋಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬಟ್ಟೆಗಳನ್ನು ಮಡಚದೆ ಚೀಲಕ್ಕೆ ತುರುಕಿದಳು.

"ಕೆಲಸ ಇನ್ನೊಂದು ಸಿಗುತ್ತೆ. ಕಳ್ಳಿ ಅಂತ ಊರಿಗೆಲ್ಲ ಹೇಳಿದ್ದು ನೀನು, ಅಕ್ಕ."

ಅವಳು ಗೆಳತಿಯ ಕೋಣೆಗೆ ಹೊರಟುಹೋದಳು.

ಮುಂದಿನ ವಾರ ಊಟಕ್ಕೆಂದು ಹೊರಟಿದ್ದ ಸಂಶೋಧಕಿ ಫೋನು ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಅದರ ಮುಂದೆ ದೊಡ್ಡ ಡಾಕ್ಟರು ಕತ್ತು ಹಿಂದಕ್ಕೆ ಚೆಲ್ಲಿ, ಒಂದು ಕೈಯಲ್ಲಿ ಕೆಳರೆಪ್ಪೆ ಎಳೆದು ಹಿಡಿದು ನಿಂತಿದ್ದರು. ಹಸಿರು ಮುಚ್ಚಳ ಹಲ್ಲಿನ ನಡುವೆ ಇತ್ತು.

ಮುಖ್ಯಸ್ಥರ ಬಳಿ ಎಲ್ಲ ಬೀಗಗಳ ಕೀಲಿಯೂ ಇರುತ್ತದೆ ಎಂಬುದು ಅವಳಿಗೆ ನೆನಪೇ ಆಗಿರಲಿಲ್ಲ. ಮುಚ್ಚಳದ ಬಣ್ಣವನ್ನು ಅವರಿಗೆ ತಾನು ಹೇಳೇ ಇರಲಿಲ್ಲ ಎಂಬುದು ಈಗ ಹೊಳೆಯಿತು.

"ನನ್ನ ತಂಗೀನ ಕಳ್ಳಿ ಅಂತ ಆಚೆ ಹಾಕಿದ್ರಲ್ಲ ಸರ್."

"ಕಳ್ಳಿ ಅಂತ ಬಂದು ಹೇಳಿದ್ದು ನೀವು." ಅವರು ಮುಚ್ಚಳ ಹಾಕಿದರು. "ಟೇಬಲ್ ಮೇಲೆ ರೋಗಿ ಮಲಗಿರ್ತಾನೆ, ನಂಗೆ ಕಣ್ಣು ಒಣಗಿ ಸೂಜಿಮೊನೆ ಎರಡಾಗಿ ಕಾಣಿಸ್ತಿತ್ತು. ಬಾಯಿಬಿಟ್ಟ ದಿನವೇ ನನ್ನ ಕೈಯಿಂದ ಚಾಕು ಕಿತ್ಕೋತಿದ್ರು. ಬೈಯೋದಾದ್ರೆ ಆಮೇಲೆ ಬೈಯಿರಿ. ಮೊದಲು ಕಣ್ಣು ನೋಡಿ."

ಕೆನ್ನೆಗೆ ಬಾರಿಸಬೇಕೆನಿಸಿತು. ಬದಲಿಗೆ ಕಣ್ಣೀರು ಅಳೆಯುವ ಕಾಗದದ ಪಟ್ಟಿಯನ್ನು ಅವರ ರೆಪ್ಪೆಯಡಿ ಸಿಕ್ಕಿಸಿದಳು. ಪಟ್ಟಿ ಚೆನ್ನಾಗಿಯೇ ಒದ್ದೆಯಾಯಿತು. ಕಣ್ಣು ನೋಡುವ ಯಂತ್ರಕ್ಕೆ ಗಲ್ಲ ಆನಿಸಿ ಕೂರಿಸಿ ನೋಡಿದಳು. ಕೆಂಪಿಲ್ಲ, ಊತವಿಲ್ಲ. ಅವಳ ಸಿಟ್ಟು ಎಡವಿತು. ಹಾಗಾದರೆ ಹಸಿರಿನದರಲ್ಲಿರುವುದೇ ತನ್ನ ಔಷಧಿ. ಇಷ್ಟು ವರ್ಷದ ದುಡಿಮೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಪರೀಕ್ಷೆ ನಡೀಲಿ. ನಾನೇ ಮುಂದೆ ನಿಂತು ನಡೆಸಿಕೊಡ್ತೀನಿ. ನೀವಿಲ್ಲಿ ಏನೂ ನೋಡಿಲ್ಲ, ಅಷ್ಟೇ."

"ನನ್ನ ತಂಗಿ ಹೆಸರು?"

"ಯಾರೋ ಒಬ್ರು ತೊಗೊಂಡಿರಲೇಬೇಕಲ್ಲ."

ಅವಳು ಫ್ರಿಜ್ಜು ಮುಚ್ಚಿ ಬೀಗ ಹಾಕಿದಳು. ಅವರು ಕನ್ನಡಕ ಏರಿಸಿಕೊಂಡು ಹೊರಟುಹೋದರು.

ತಂಗಿ ಒಂದೇ ಒಂದು ಸಲ ಫೋನು ಮಾಡಿದಳು. "ಕಳ್ಳ ಸಿಕ್ಕಿದ್ನಾ ಅಕ್ಕ?"

"ಇಲ್ಲ," ಎಂದಳು ಅಕ್ಕ. ಆ ಕಡೆಯಿಂದ ಫೋನು ಕಟ್ಟಾಯಿತು.

ಪರೀಕ್ಷೆ ಮುಗಿದ ದಿನ ಸಭಾಂಗಣ ಕಿಕ್ಕಿರಿದಿತ್ತು. ಔಷಧಿ ಸಂಸ್ಥೆಯ ಹೆಂಗಸು ಮೈಕಿನ ಮುಂದೆ ನಿಂತು ಫಲಿತಾಂಶ ಹೇಳಿದಳು. ಉಪ್ಪುನೀರು ಹಾಕಿಕೊಂಡವರಲ್ಲೂ ಕೆಲವರ ಕಣ್ಣು ಸುಧಾರಿಸಿದೆ, ಈ ರೋಗದಲ್ಲಿ ಅದು ಇದ್ದದ್ದೇ. ಔಷಧಿ ಹಾಕಿಕೊಂಡವರಲ್ಲಿ ಹೆಚ್ಚುಕಡಿಮೆ ಎಲ್ಲರ ಉರಿಯೂತವೂ ಇಳಿದಿದೆ. ಔಷಧಿ ಗೆದ್ದಿತ್ತು. ದೊಡ್ಡ ಡಾಕ್ಟರ ಕೃಪೆ ಇಲ್ಲದಿದ್ದರೂ, ರೋಗಿಗಳ ಕಣ್ಣಿನ ಬಲದಿಂದಲೇ ಅದು ಗೆಲ್ಲುತ್ತಿತ್ತು. ದೊಡ್ಡ ಡಾಕ್ಟರು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲಲೆಂದು ಕಾದು ಆ ಹೆಂಗಸು ಕೊನೆಯ ಮಾತು ಹೇಳಿದಳು: "ಔಷಧಿ ಇದ್ದದ್ದು ಹಳದಿ ಮುಚ್ಚಳದ ಬಾಟಲಿಯಲ್ಲಿ."