ಮತ್ತಿತರರು

"'ಮತ್ತಿತರರು' ಅಂದ್ರೆ ಅದರಲ್ಲಿ ನನ್ನ ತಮ್ಮನೂ ಇರ್ತಾನೆ ತಾನೇ?"

ಹೊಲಿಗೆ ಕೆಲಸದ ಅಕ್ಕ ವಿಶ್ವವಿದ್ಯಾಲಯದ ಲೈಬ್ರರಿಯ ಮೇಜಿನ ಮೇಲೆ ಚೀಟಿಯನ್ನು ಸವರಿ ಸವರಿ ನೆಟ್ಟಗೆ ಮಾಡಿದಳು. ತಮ್ಮನ ಗೆಳೆಯ ತನ್ನ ಪ್ರಬಂಧದ ಕೊನೆಯಿಂದ ನಕಲು ಮಾಡಿ ಕೊಟ್ಟಿದ್ದ ಒಂದೇ ಸಾಲು ಅದು: ಪ್ರೊಫೆಸರರ ಹೆಸರು, ಅದರ ಬೆನ್ನಿಗೇ 'ಮತ್ತಿತರರು', ಇಸವಿ, ಲೇಖನದ ತಲೆಬರಹ, ಪತ್ರಿಕೆ, ಆಮೇಲೆ ಒಂದಷ್ಟು ಅಂಕಿ.

"ಇರಬೇಕಮ್ಮ. ಬರೆದವರು ಜಾಸ್ತಿ ಇದ್ರೆ ಮೊದಲನೆಯವರನ್ನ ಹೆಸರಿಸಿ ಉಳಿದವರನ್ನ ಹೀಗೆ ಒಂದೇ ಮೂಟೆ ಕಟ್ಟಿಬಿಡ್ತಾರೆ," ಎಂದ ಗ್ರಂಥಪಾಲಕ. "ಲೇಖನ ತೆಗೆದ್ರೆ ಎಲ್ಲರ ಹೆಸರೂ ಇರುತ್ತೆ. ಇದು ಮನೆ ವಿಳಾಸ ಇದ್ದ ಹಾಗೆ. ಪತ್ರಿಕೆ ಅಂದ್ರೆ ಊರು, ಸಂಪುಟ ಬೀದಿ, ಸಂಚಿಕೆ ಮನೆ, ಪುಟ ಬಾಗಿಲು."

"ಅವನು ಯಾವತ್ತು ಮನೇಲಿ ಸಿಕ್ಕಿದ್ದ? ಇಲ್ಲಾದ್ರೂ ಸಿಗಲಿ."

ಆತ ನಕ್ಕ. ಅವಳ ಮುಖ ನೋಡಿ ಅರ್ಧಕ್ಕೇ ನಗು ನುಂಗಿಕೊಂಡ.

"ಈ ಪ್ರೊಫೆಸರ್ ಮೇಷ್ಟ್ರ ಸಂಶೋಧನೆಗೆ ಅಂತ ಕ್ವಾರಿಲಿ ಕಲ್ಲು ಆರಿಸೋವಾಗ ಕಾಲು ಜಾರಿ ಬಿದ್ದ," ಎಂದಳು ಅಕ್ಕ. "ಈ ಕೆಲಸ ಅಚ್ಚಾದ್ರೆ ಅದರಲ್ಲಿ ನಿನ್ನ ಹೆಸರು ಹಾಕ್ತೀನಿ ಅಂತ ಮೇಷ್ಟ್ರು ಮಾತು ಕೊಟ್ಟಿದ್ರಂತೆ. ಅಚ್ಚಾಯ್ತು. ನೋಡೋಕೆ ಅವನಿಲ್ಲ. ನಾನಾದ್ರೂ ಒಂದು ಸಲ ನೋಡ್ಕೊಂಡು ಹೋಗ್ತೀನಿ."

ಗ್ರಂಥಪಾಲಕ ಕಂಪ್ಯೂಟರಿಗೆ ತಲೆಬರಹ ಕೊಟ್ಟು ಹುಡುಕಿದ, ಏನೂ ಬರಲಿಲ್ಲ. ಅಕ್ಕ ಚೀಟಿಯನ್ನು ಆತನತ್ತ ಇನ್ನಷ್ಟು ತಳ್ಳಿದಳು.

"ಗಾಬರಿ ಬೇಡ. ಬರ್ಕೊಟ್ಟವರು ಎಲ್ಲೋ ಒಂದು ಪದ ಬಿಟ್ಟಿರ್ಬೇಕು. ಊರಿಂದಲೇ ಹೋಗೋಣ." ಪತ್ರಿಕೆಯ ಹೆಸರು ಕೊಟ್ಟ. ಲೈಬ್ರರಿ ಚಂದಾ ಕಟ್ಟಿ ತರಿಸುವ ಪತ್ರಿಕೆಯೇ. ಸಂಪುಟ ಸಿಕ್ಕಿತು, ಸಂಚಿಕೆ ಸಿಕ್ಕಿತು, ಪುಟ ತೆರೆಯಿತು.

ಆತ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದ. ದಾಸರ ಪದ ಹಾಡಿ ಮುಗಿಯುವ ಹೊತ್ತಿಗೆ ಅಂಕಿತ ಬಂದೇ ಬರುತ್ತದೆಂದು ಕಣ್ಮುಚ್ಚಿ ಕೂತವರಂತೆ ಅಕ್ಕ ಕೇಳಿಸಿಕೊಂಡಳು. ಪ್ರೊಫೆಸರು. ಅವರ ಸಹೋದ್ಯೋಗಿ. ಹೊರಗಿನವರೊಬ್ಬರು. ಕೊನೆಯವರು ಪ್ರೊಫೆಸರರ ಅಳಿಯ, ಅದು ಲೈಬ್ರರಿಯಲ್ಲೂ ಎಲ್ಲರಿಗೂ ಗೊತ್ತು. ದನಿ ನಿಂತಿತು.

"ಆಮೇಲೆ?"

"ಅಷ್ಟೇ ಅಮ್ಮ." ಆತ ತಡವರಿಸಿದ. "ತಡೀರಿ, ಕೊನೇಲಿ ಕೃತಜ್ಞತೆ ಅಂತ ಬರೀತಾರೆ."

ಅಲ್ಲಿ ಧನಸಹಾಯ ಕೊಟ್ಟ ಸಂಸ್ಥೆ ಇತ್ತು, ಕ್ವಾರಿಯ ಮಾಲೀಕರಿದ್ದರು, ಜೀಪಿನ ಡ್ರೈವರೂ ಇದ್ದ. ಆತ ಪುಟಗಳನ್ನು ಹಿಂದಕ್ಕೆ ಸರಿಸುತ್ತಿದ್ದಾಗ ಅಕ್ಕ ಪರದೆಗೆ ಬೆರಳಿಟ್ಟಳು.

"ನಿಲ್ಸಿ."

ಕಪ್ಪು ಕಲ್ಲಿನ ಫೋಟೊ. ಕಲ್ಲಿನ ಪಕ್ಕ ಬಿಸಿಲಿಗೆ ಚಾಚಿದ ಒಂದು ಕೈ, ಮಣಿಕಟ್ಟಿನ ತನಕ ತಿಳಿನೀಲಿ ಅಂಗಿ. ತೋಳಿನ ಅಂಚಿಗೆ ಬೂದು ದಾರದ ಹೊಲಿಗೆ.

"ಅವತ್ತು ನೀಲಿ ದಾರ ಮುಗಿದಿತ್ತು," ಎಂದಳು ಅಕ್ಕ. "ಯಾರು ನೋಡ್ತಾರೆ ಬಿಡಕ್ಕ, ಅಂದಿದ್ದ."

ಫೋಟೊದ ಕೆಳಗಿನ ಸಾಲನ್ನು ಅವಳೇ ಕೂಡಿಸಿ ಕೂಡಿಸಿ ಓದಿಕೊಂಡಳು: 'ಕಲ್ಲಿನ ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಕೈ.'

"ಪೂರ್ತಿ ಲೇಖನ ಪ್ರಿಂಟ್ ಕೊಡ್ಲಾ ಅಮ್ಮ?"

"ಬೇಡ. ಇದೊಂದೇ ಪುಟ."

ಮೂಲೆಯ ಯಂತ್ರ ಕೆಮ್ಮಿ ಕೆಮ್ಮಿ ಕಾಗದ ಹೊರಹಾಕಿತು. ಶಾಯಿ ತಳ ಕಂಡಿತ್ತೇನೋ. ಕಲ್ಲಿನ ಗೆರೆ ಗೆರೆಯೂ ಎದ್ದು ಬಂದಿತ್ತು. ಕೈ ಇದ್ದ ಕಡೆ ಬರೀ ಬಿಳಿ ಕಾಗದ.